ಗಿರಣಿ ನೀಲಪ್ಪನ ಕಿವಿಯ ಮಾನ

ಬೈಲಹೊಂಗಲದ ಆ ಓಣಿಯಲ್ಲಿ ಇಂದ್ರವ್ವನ ದನಿ ಕೇಳದವನು ಒಬ್ಬನೇ ಒಬ್ಬ ಇದ್ದ. ಅವಳ ಗಂಡ.

ಅವಳು ಪಡಸಾಲೆಯಲ್ಲಿ ನಿಂತು “ಊಟಕ್ಕ ಬರ್ರೀ!” ಎಂದು ಕರೆದರೆ ಆಚೆಮನೆ ಈಚೆಮನೆಯ ಗಂಡಸರು ಕೈ ತೊಳೆಯಲು ಏಳುತ್ತಿದ್ದರು. “ಉಪ್ಪ ತೀರೇತ್ರೀ!” ಎಂದರೆ ಮೂಲೆಯ ಅಂಗಡಿಯವನು ಪಾಕೀಟು ತೆಗೆದು ಕಟ್ಟೆಯ ಮೇಲಿಡುತ್ತಿದ್ದ. ಈ ಅಶರೀರವಾಣಿ (ಶರೀರ ಅಲ್ಲೇ ಇತ್ತು, ಸೌಟು ಹಿಡಿದುಕೊಂಡು) ಯಾರನ್ನು ಉದ್ದೇಶಿಸಿ ಹೊರಡುತ್ತಿತ್ತೋ ಆ ಗಿರಣಿ ನೀಲಪ್ಪ ಮಾತ್ರ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಕಾರಣ ದೊಡ್ಡದಲ್ಲ. ಹರೆಯದಿಂದ ಹಿಟ್ಟಿನ ಗಿರಣಿಯ ಮಗ್ಗುಲಲ್ಲೇ ಬಾಳಿದ ಕಿವಿ. ಮೋಟಾರಿನ ಪಟ್ಟಾದ ಬಡಿತ, ಕಲ್ಲಿನ ಗುರುಗುರಾಟ ಕೇಳಿ ಕೇಳಿ ಅದೂ ಒಂದಿಷ್ಟು ಸವೆದಿತ್ತು. ಮಗಳು ಭಾಗ್ಯಾ ಅವನನ್ನು ಎಳೆದುಕೊಂಡು ಧಾರವಾಡದ ಡಾಕ್ಟರ ಹತ್ತಿರ ಹೋಗಿ ತೋರಿಸಿದಳು. “ಭಾಳ ಏನಿಲ್ಲ. ಸಣ್ಣ ದನಿ ಹಿಡಿಯಂಗಿಲ್ಲ ಅಷ್ಟ. ಒಂದ ಮಷೀನ ಹಾಕ್ಕೊಂಡ್ರ ಮುಗೀತು” ಎಂದರು ಅವರು. ‘ಮಷೀನ’ ಎಂಬ ಶಬ್ದ ಮಾತ್ರ ನೀಲಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು. ಹಾವು ಕಂಡವನಂತೆ ಕುರ್ಚಿಯಿಂದೆದ್ದು ಬಂದುಬಿಟ್ಟ. ಓಣಿಯಲ್ಲಿ ಕೇಳಿದವರಿಗೆ, “ಕಿವ್ಯಾಗ ಹೊಲಸ ತುಂಬೇತಂತ. ಎಣ್ಣಿ ಹಾಕಾಕ ಹೇಳ್ಯಾರ” ಎಂದು ಪ್ರಕಟಿಸಿದ.

ಇಲ್ಲಿ ಒಂದು ಮಾತನ್ನು ಸಿಟ್ಟಿನಿಂದಲೇ ಹೇಳಬೇಕು. ನಮ್ಮ ಕಡೆ ಕಣ್ಣು ಮಂಜಾದವನು ಕನ್ನಡಕ ಏರಿಸಿದರೆ ಮಂದಿ ಅವನಿಗೆ ‘ಸರ್’ ಎನ್ನುತ್ತಾರೆ. ಹಲ್ಲು ಉದುರಿದವನು ಕಟ್ಟಿಸಿಕೊಂಡರೆ ಜೋಳದ ಕಡಕ್ ರೊಟ್ಟಿ ಮುರಿದು ತೋರಿಸಿ ಮೆರೆಯುತ್ತಾನೆ. ಕಿವಿಗೆ ಮಷೀನು ಇಟ್ಟನೋ, ಮುಗಿಯಿತು, ಅವನು ಕೆಪ್ಪ! ಹೀಗಾಗಿ ಗಂಡಸಿನ ಕಿವಿಯ ಮಾನ ಕಾಯಲು ಹೆಂಗಸಿನ ಗಂಟಲು ಹರಿಯಬೇಕು. ಇಂದ್ರವ್ವ ಪ್ರತಿಯೊಂದು ಮಾತನ್ನೂ ಮೊದಲು ಆಡಿ, ಆಮೇಲೆ ಕೂಗಿ, ಕಡೆಗೆ ಒದರಿ ಮುಟ್ಟಿಸುತ್ತಿದ್ದಳು. ಚಹಾದಂಗಡಿಯ ಗಂಡಸರಿಗೆ ಕೇಳುತ್ತಿದ್ದುದು ಮೂರನೆಯದು ಮಾತ್ರ. “ಪಾಪ, ನೀಲಪ್ಪ! ಮನ್ಯಾಗ ಹುಲಿ ಕಟ್ಕೊಂಡ ಬಾಳೇ ಮಾಡಾಕ ಹತ್ತ್ಯಾನ” ಎಂದು ಲೊಚಗುಟ್ಟುತ್ತಿದ್ದರು. ನೀಲಪ್ಪ ಆ ಕನಿಕರವನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ. ಅಲ್ಲ ಎನ್ನುತ್ತಿರಲಿಲ್ಲ. ನಡುನಡುವೆ ಒಂದು ನಿಟ್ಟುಸಿರನ್ನೂ ಜೋಡಿಸುತ್ತಿದ್ದ.

ಇಂಥದರಲ್ಲಿ ಭಾಗ್ಯಾಳಿಗೆ ಒಂದು ಸಂಬಂಧ ಕುದುರುತ್ತ ಬಂದಿತ್ತು. ಅವಳು ದಿನಾ ಬಸ್ಸು ಹತ್ತಿ ಸವದತ್ತಿಯ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಹೋಗುವವಳು. ಹುಡುಗ ಸಾಗರ, ರಾಮದುರ್ಗದಲ್ಲಿ ಪಂಪಸೆಟ್ ರಿಪೇರಿಯ ಅಂಗಡಿ ಇಟ್ಟವನು. ಗೆಳತಿಯ ಮದುವೆಯಲ್ಲಿ ಇಬ್ಬರೂ ಮಾತಾಡಿ ಒಪ್ಪಿದ್ದರು. ಈಗ ದೊಡ್ಡವರು ಒಪ್ಪುವುದಷ್ಟೇ ಬಾಕಿ. “ಇದ ಆದ್ರ ಆತು, ಇಲ್ಲಂದ್ರ ಇನ್ನೊಬ್ಬನ ಮುಂದ ಚಹಾದ ತಾಟ ಹಿಡಕೊಂಡ ನಾ ನಿಂದ್ರಾಂಗಿಲ್ಲ” ಎಂದು ಭಾಗ್ಯಾ ಹೇಳಿಬಿಟ್ಟಿದ್ದಳು.

ನೀಲಪ್ಪನಿಗೆ ಹೊಸ ನೆವ ಸಿಕ್ಕಿತು. “ನೋಡ್ರಿ ಮತ್ತ! ಈಗ ನಾ ಮಷೀನ ಹಾಕ್ಕೊಂಡ್ರ, ಹೆಣ್ಣಿನ ಅಪ್ಪ ಕೆಪ್ಪ ಅಂತಾರು. ನಾಳೆ ಹುಟ್ಟೂ ಮಕ್ಕಳೂ ಕೆಪ್ಪ ಅಂತಾರು. ನನ್ನ ಮಗಳ ಸಲುವಾಗಿ ನಾ ಇಷ್ಟೂ ತ್ಯಾಗ ಮಾಡಬಾರದೇನು?”

“ತ್ಯಾಗ ಮಾಡಾಕ ಹತ್ತಿದ್ದು ನನ್ನ ಗಂಟಲಾ!” ಎಂದಳು ಇಂದ್ರವ್ವ. ಇದು ಓಣಿಯ ಕೊನೆಯವರೆಗೂ ಕೇಳಿಸಿತು.

ಭಾಗ್ಯಾ ತನ್ನ ಪರ್ಸಿನಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಅದರೊಳಗೆ ಎರಡು ಬಿಳಿ ಗುಂಡಿ. ಅವಳು ಬಸ್ಸಿನಲ್ಲಿ ಹಾಡು ಕೇಳುವ ಬಡ್ಸ್.

“ಅಪ್ಪಾ, ಇವನ್ನ ಕಿವ್ಯಾಗ ಇಟ್ಕೊ. ಫೋನ ಎದುರಿಗಿರಲಿ. ಎದುರಿನವರ ಮಾತ ಫೋನ ಹಿಡದು, ದೊಡ್ಡದ ಮಾಡಿ ನಿನ್ನ ಕಿವಿಗೆ ಕಳಸತೈತಿ. ಡಾಕ್ಟರ ಮಷೀನದಷ್ಟ ಛಲೋ ಅಲ್ಲ. ಅದನ್ನ ತರೂತನಾ ಇದು ಇರಲಿ.”

“ನೋಡಿದವರು ಏನಂತಾರು?”

“ಹಾಡ ಕೇಳಾಕ ಹತ್ತ್ಯಾನ ಅಂತಾರು.”

ನೀಲಪ್ಪನ ಮುಖ ಅರಳಿತು. ಶೋಕಿಲಾಲ ಎನ್ನಿಸಿಕೊಳ್ಳಲು ಅವನದೇನೂ ಅಡ್ಡಿ ಇರಲಿಲ್ಲ. ‘ತರೂತನಾ’ ಎಂಬುದನ್ನು ಮಾತ್ರ ಅವನು ಅಲ್ಲೇ ಹೂತುಬಿಟ್ಟ.

ಗುಂಡಿ ಒಳಗೆ ಕೂತದ್ದೇ ತಡ, ಜಗತ್ತು ಲಗ್ಗೆ ಇಟ್ಟಿತು. ಕುಕ್ಕರಿನ ಸೀಟಿಗೆ ಎದ್ದು ನಿಂತ. ತಾನು ಅವಲಕ್ಕಿ ಅಗಿಯುವ ಸಪ್ಪಳಕ್ಕೆ ಯಾರೋ ಮಾಳಿಗೆಯ ಮೇಲೆ ಓಡಾಡುತ್ತಿದ್ದಾರೆ ಎಂದು ಮೇಲೆ ನೋಡಿದ. ಆಮೇಲೆ ಒಲೆಯ ಕಡೆಯಿಂದ ಒಂದು ಹೆಣ್ಣುದನಿ, ಇಂಪಾದದ್ದು, ಪರಿಚಯವಿಲ್ಲದ್ದು, ಕೇಳಿಬಂತು: “ಚಹಾಕ್ಕ ಇಷ್ಟ ಸಕ್ಕರಿ ಸುರಕೊಂಡ್ರ ಮತ್ತೇನಾಗತೈತಿ. ಹೇಳಿದ್ದ ಕೇಳೂ ಜೀವ ಅಲ್ಲ ಇದು.”

“ಯಾರ ಜೀವಾ?” ಎಂದ ನೀಲಪ್ಪ.

ಇಂದ್ರವ್ವನ ಕೈಯಿಂದ ಚಮಚೆ ಬಿತ್ತು. “ಕೇಳಸ್ತೇನ?”

“ಸಕ್ಕರಿಯಿಂದ ಹಿಡದು ಎಲ್ಲಾ ಕೇಳಸ್ತು! ದಿನಾ ಹಿಂಗ ಗುಣುಗುಣು ಮಾಡತೀಯೇನು?”

“ಲಗ್ನಾದಾಗಿಂದ ಮಾಡೇನಿ. ಇಷ್ಟ ವರ್ಷದ್ದು ಒಂದೂ ಕೇಳಸಿಲ್ಲೇನು?”

“ಇಲ್ಲ ಬಿಡ.”

“ಅಯ್ಯ ಶಿವನ! ಅದರಾಗ ಒಂದೆರಡು ಛಲೋ ಮಾತೂ ಇದ್ದವಲ್ರಿ!” ಎಂದಳು ಇಂದ್ರವ್ವ. ಅವಳ ದನಿ ಇಷ್ಟು ಮೆತ್ತಗಿತ್ತೆಂಬುದು ಅವಳಿಗೂ ಮರೆತುಹೋಗಿತ್ತು. ಅವತ್ತು ಇಡೀ ದಿನ ಅವಳು ಒದರಲಿಲ್ಲ. ಊಟದ ಹೊತ್ತಿಗೆ ಆಚೆಮನೆಯವರು ಬಂದು “ಆರಾಮ ಅದೀರೇನ್ರಿ?” ಎಂದು ವಿಚಾರಿಸಿ ಹೋದರು.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಸಂಪಗಾಂವದಲ್ಲಿ ದೂರದ ಸಂಬಂಧಿಕನೊಬ್ಬ ತೀರಿಕೊಂಡ. ನೀಲಪ್ಪ ಬಿಳಿ ಗುಂಡಿಗಳ ಸಮೇತ ಮಣ್ಣಿಗೆ ಹೋಗಿ, ಹೆಣದ ಎದುರು ಗಂಭೀರವಾಗಿ ಕೂತ. “ಈ ಮನಶ್ಯಾ ಮಣ್ಣಿಗೆ ಬಂದಾನೋ, ಹಾಡ ಕೇಳಾಕ ಬಂದಾನೋ? ತಲಿ ಬ್ಯಾರೆ ಅಳ್ಳಾಡಸಾಕ ಹತ್ತ್ಯಾನ!” ಎಂದು ಸತ್ತವನ ತಮ್ಮ ಕೆಂಡವಾದ. (ತಲೆ ಅಲ್ಲಾಡಿಸಿದ್ದು ದುಃಖಕ್ಕೆ.) ‘ಇದು ಕಿವಿಗೆ ಆಸರ ಅಪ್ಪಾ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೆಣದ ಮುಂದೆ ಹಾಡು ಕೇಳುವ ನೀಚ ಎನ್ನಿಸಿಕೊಂಡರೂ ಸರಿ, ಕೆಪ್ಪ ಎನ್ನಿಸಿಕೊಳ್ಳಬಾರದು! ಇಂಥ ಮರ್ಯಾದೆಯ ಮೇಲೆ ನಮ್ಮ ಮನೆತನಗಳು ನಿಂತಿವೆ ನೋಡಿ.

ಮುಂದಿನ ವಾರ ಒಂದು ಮಧ್ಯಾಹ್ನ ಗಿರಣಿಯಲ್ಲಿ ಕರೆಂಟ್ ಹೋಯಿತು. ಬೀಸಿಸಲು ಪಾಳಿ ಹಚ್ಚಿ ನಿಂತಿದ್ದ ಹೆಂಗಸರು ಡಬ್ಬಿ, ಚೀಲ ಇಳಿಸಿ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತರು. ನೀಲಪ್ಪ ಗಿರಾಕಿಗಳ ಜೊತೆ ಮಾತಾಡಲು ಅನುಕೂಲವಾಗಲೆಂದು ಫೋನನ್ನು ಆ ಕಿಟಕಿಯಲ್ಲೇ ಇಟ್ಟಿದ್ದ. ತಾನು ಹೋಗಿ ಮೂಲೆಯ ಚೀಲಗಳ ಮೇಲೆ ಒರಗಿ ಕಣ್ಣು ಮುಚ್ಚಿದ. ಕಿವಿಯಲ್ಲಿ ಗುಂಡಿಗಳಿದ್ದೇ ಇದ್ದವು.

ಪಾಳಿಯಲ್ಲಿ ಅಪರಿಚಿತ ಹೆಂಗಸೊಬ್ಬಳಿದ್ದಳು. ವಯಸ್ಸಾದವಳು, ಇಳಕಲ್ಲ ಸೀರೆ, ಕೈಯಲ್ಲಿ ಸಣ್ಣದೊಂದು ಜೋಳದ ಗಂಟು. ಅಷ್ಟು ಜೋಳ ಬೀಸಲು ಯಾರೂ ಬಸ್ಸಿನ ಧೂಳು ಹೊತ್ತುಕೊಂಡು ಬರುವುದಿಲ್ಲ. ಆದರೆ ಹೆಣ್ಣಿನ ಮನೆತನ ವಿಚಾರಿಸುವುದು ಹೀಗೆಯೇ. ನೆಟ್ಟಗೆ ಮನೆಗೆ ಹೋಗಿ ಕೇಳಿದರೆ ಮನೆಯವರು ಉಪ್ಪಿಟ್ಟು ಕೊಡುತ್ತಾರೆ. ಸತ್ಯ ಬೇಕಾದರೆ ಗಿರಣಿಯ ಪಾಳಿಗೇ ಬರಬೇಕು.

“ಈ ಗಿರಣ್ಯಾರ ಮನೆತನ ಹ್ಯಾಂಗವಾ?” ಎಂದಳು ಅವಳು. “ನಾ ಕಾಡವ್ವ ಅಂತ. ರಾಮದುರ್ಗದಾಕಿ. ಹುಡುಗನ ಸೋದರತ್ತಿ.”

ನೀಲಪ್ಪನ ಕಣ್ಣು ಮುಚ್ಚೇ ಇತ್ತು. ಎದೆ ಮಾತ್ರ ಗಿರಣಿಯಂತೆ ಬಡಿಯತೊಡಗಿತು.

“ಹುಡುಗಿ ಬಂಗಾರದಂಥಾಕಿರಿ” ಎಂದಳು ನೆರೆಮನೆಯ ರಾಚವ್ವ.

“ಅದೇನೋ ಖರೆ. ಆದ್ರ ಚಹಾದಂಗಡ್ಯಾಗ ಕೇಳಿದೆ. ತಾಯಿ ಭಾಳ ಜೋರಂತ, ಗಂಡನ್ನ ಒದರಿ ಒದರಿ ಹಣ್ಣ ಮಾಡ್ಯಾಳಂತ. ತಾಯಿ ಬಾಯಿ ಹಂಗಿದ್ರ ಮಗಳ ಬಾಯಿ ಹ್ಯಾಂಗಿರಬೇಕು? ನಮ್ಮ ಅಣ್ಣ ಅಂತೂ ಬ್ಯಾಡ ಅಂತ ಕುಂತಾನ.” ಕಾಡವ್ವ ಥಟ್ಟನೆ ದನಿ ಇಳಿಸಿದಳು. “ಅಯ್ಯ, ಅಂವ ಅಲ್ಲೇ ಮಲಗ್ಯಾನಲ್ಲ!”

“ಮಲಗಲಿ ಬಿಡ್ರಿ. ಡೊಳ್ಳ ಬಡದ್ರೂ ಅಂವಗ ಕೇಳಸಾಂಗಿಲ್ಲ” ಎಂದಳು ರಾಚವ್ವ.

ನೀಲಪ್ಪ ಮುಚ್ಚಿದ ಕಣ್ಣನ್ನು ಇನ್ನೂ ಬಿಗಿದ. ಗೊತ್ತಿತ್ತು! ಇವರಿಗೆಲ್ಲ ಗೊತ್ತಿತ್ತು! ಇಷ್ಟು ವರ್ಷ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಾಯ್ದ ಗುಟ್ಟು ಹಿಟ್ಟಿನ ಡಬ್ಬಿಯೊಳಗೆ ಮನೆಮನೆಗೆ ಹೋಗಿತ್ತು.

ಮುದುಕಿ ಶಟ್ಟೆವ್ವ ಎಲೆ ಅಡಿಕೆ ಒಂದು ದವಡೆಗೆ ಸರಿಸಿ ಹೇಳಿದಳು: “ಆ ಗಂಡಸೂರ ಮಾತ ಏನ ಕೇಳತಿ ತಂಗಿ. ಇಂದ್ರವ್ವ ಲಗ್ನಾಗಿ ಬಂದಾಗ ಅಕಿ ಮಾತ ಕೇಳಾಕ ನಾವ ಹತ್ರ ಸರಕೊಂಡ ಕುಂಡ್ರತಿದ್ವಿ, ಅಷ್ಟ ಮೆತ್ತಗಿನಾಕಿ. ಅಂವಗ ಕಿವಿ ಕೇಳಸಾಂಗಿಲ್ಲ, ಮಷೀನ ಹಾಕ್ಕೊಳ್ಳಾಂಗಿಲ್ಲ. ಅಕಿ ಒದರದ ಏನ ಮಾಡಬೇಕು? ಕೈಸನ್ನಿ ಮಾಡಿ ಸಂಸಾರ ಮಾಡಬೇಕೇನು?”

ಕಾಡವ್ವ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. “ಅಯ್ಯ, ಇಷ್ಟ ಏನ? ಕಿವಿ ಮಂದ ಇದ್ರ ಏನಾತು? ಯಾರ ಮನ್ಯಾಗ ಇಲ್ಲ? ನಾ ಬ್ಯಾರೇನ ತಿಳ್ಕೊಂಡ ಹೆದರಿದ್ನಿ ನೋಡವಾ. ಹಂಗಾದ್ರ ಅಣ್ಣಗ ಹೋಗಿ ಹೇಳತೇನಿ.”

ಆಯಿತಲ್ಲ! ಸಂಬಂಧ ಉಳಿಯಿತು, ಇಂದ್ರವ್ವನ ಹೆಸರಿಗೆ ಹತ್ತಿದ ಕೆಸರು ತೊಳೆದುಹೋಯಿತು, ಭಾಗ್ಯಾಳ ಮದುವೆ ಅರ್ಧ ಮುಗಿಯಿತು. ನೀಲಪ್ಪ ಮಾಡಬೇಕಾದ ಕೆಲಸ ಒಂದೇ ಇತ್ತು: ಸುಮ್ಮನೆ ಮಲಗಿರುವುದು. ಕತ್ತೆಗೂ ಬರುವ ವಿದ್ಯೆ. ಆದರೆ ಕತ್ತೆಗೆ ಮಾನದ ಚಿಂತೆ ಇರುವುದಿಲ್ಲ.

“ಯಾರು ಕೆಪ್ಪ?” ಎಂದು ಗರ್ಜಿಸಿ ನೀಲಪ್ಪ ಎದ್ದು ನಿಂತ. ಮೈತುಂಬ ಹಿಟ್ಟು ಹಾರಿತು. ಹೆಂಗಸರು ಚೀರಿದರು. “ಎಲ್ಲಾ ಕೇಳಸೇತಿ ನನಗ! ನೀವು ಚಹಾದಂಗಡಿ ಅಂದ್ರಿ. ರಾಚವ್ವಾ, ನೀ ಡೊಳ್ಳು ಅಂದಿ. ಶಟ್ಟೆವ್ವತ್ತಿ, ನೀ ಕೈಸನ್ನಿ ಮಾಡಿ ಸಂಸಾರ ಅಂದಿ! ಇಷ್ಟ ಕೇಳಸಿದವನು ಕೆಪ್ಪ ಹ್ಯಾಂಗ ಆದಾನು?”

ಕಾಡವ್ವ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ಬರೋಬ್ಬರಿ ಕೇಳಸೇತಿ ಬಿಡ್ರಿ. ಕಿವಿ ಖಡಕ್ ಅದಾವು ನಿಮ್ಮವು” ಎಂದಳು ಸಾವಕಾಶವಾಗಿ. “ಹಂಗಾದ್ರ ನಿಮ್ಮ ಮನಿಯವರು ಯಾಕ ಒದರತಾರು?”

ಈ ಪ್ರಶ್ನೆಯನ್ನು ನೀಲಪ್ಪ ನಿರೀಕ್ಷಿಸಿರಲಿಲ್ಲ. ಒಂದು ಕಡೆ ಅವನ ಕಿವಿ, ಇನ್ನೊಂದು ಕಡೆ ಅವನ ಹೆಂಡತಿ. ಗಂಡಸು ಯಾವುದನ್ನು ಉಳಿಸಿಕೊಂಡ ಎಂದು ಹೇಳಬೇಕೆ?

“ಅದು… ಅದು ಅಕಿ ಹುಟ್ಟಾ ಸ್ವಭಾವರಿ” ಎಂದ. ನಿಟ್ಟುಸಿರನ್ನೂ ಮರೆಯಲಿಲ್ಲ. “ಏನ ಮಾಡೂದು? ನಾನ ತಡಕೊಂಡ ಹೊಂಟೇನಿ.”

ಬಾಗಿಲಲ್ಲಿ ನೆರಳಾಡಿತು. ಇಂದ್ರವ್ವ ಬುತ್ತಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಎಲ್ಲರೂ ಒಮ್ಮೆಗೇ ಕಿವಿ ಮುಚ್ಚಿಕೊಳ್ಳಲು ಸಜ್ಜಾದರು. ಆದರೆ ಇಂದ್ರವ್ವ ಒದರಲಿಲ್ಲ. ಬುತ್ತಿಯನ್ನು ಹೊಸ್ತಿಲ ಮೇಲೆ ಇಟ್ಟಳು, ಸೆರಗು ಎಳೆದುಕೊಂಡಳು, ತಿರುಗಿ ಹೊರಟುಹೋದಳು.

“ಈ ಫೋನ ಯಾಕ ನಮ್ಮ ಬಾಯಿ ಮುಂದ ಐತಿ?” ಎಂದಳು ರಾಚವ್ವ ಇದ್ದಕ್ಕಿದ್ದಂತೆ. ಕಿಟಕಿಯಿಂದ ಅದನ್ನು ಎತ್ತಿಕೊಂಡು ನೋಡಿದಳು, ನೀಲಪ್ಪನ ಕಿವಿ ನೋಡಿದಳು. ಫೋನಿನ ಕೆಳಗಿನ ತೂತಿಗೆ ಬಾಯಿ ಹಚ್ಚಿ “ಫೂ!” ಎಂದು ಊದಿದಳು.

ನೀಲಪ್ಪ ಎರಡೂ ಕಿವಿ ಹಿಡಿದುಕೊಂಡು ಜೋಳದ ಚೀಲದ ಮೇಲೆ ಕುಸಿದ.

“ಅಯ್ಯಯ್ಯ! ಇದರಾಗಿಂದ ಕದ್ದ ಕೇಳಾಕ ಹತ್ತಿದ್ದ! ಹೋದ ವಾರ ನಾ ನಮ್ಮ ಅತ್ತಿದು ಏನೇನ ಹೇಳೇನೋ, ಎಲ್ಲಾ ಕೇಳ್ಯಾನ!”

ಶಟ್ಟೆವ್ವ ಡಬ್ಬಿ ಎತ್ತಿ ಸೊಂಟಕ್ಕಿಟ್ಟಳು. “ಮಂದಿ ಹೆಂಗಸೂರ ಮಾತ ಕೇಳಾಕ ಮಷೀನ ಆದೀತು. ಕಟ್ಕೊಂಡಾಕಿ ಮಾತ ಕೇಳಾಕ ಮಾತ್ರ ಮಾನ ಹೋಗತೈತಿ ನಿನಗ! ಥೂ!” ಎಂದು ಹೊರಟಳು. ಪಾಳಿ ಪೂರ್ತಿ ಅವಳ ಹಿಂದೆ ಹೊರಟಿತು. ಕಾಡವ್ವನೂ ಗಂಟು ಎತ್ತಿಕೊಂಡಳು. “ತಿಳೀತು” ಎಂದಳು. ಏನು ತಿಳಿಯಿತು ಎಂದು ಹೇಳಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂದು, ಗಿರಣಿ ಒಂದು ಕಾಳೂ ಇಲ್ಲದೆ ಭೋರ್ಗರೆದು ತಿರುಗಿತು.

ಸಂಜೆ ಮನೆಯಲ್ಲಿ ಬಡ್ಸ್ ಕೆಟ್ಟಂತೆ ಕಂಡಿತು. ಇಂದ್ರವ್ವ ರೊಟ್ಟಿ ಬಡಿಸಿದಳು, ಸಪ್ಪಳ ಕೇಳಿತು. ನೀರು ಇಟ್ಟಳು, ಅದೂ ಕೇಳಿತು. ಮಾತು ಮಾತ್ರ ಕೇಳುತ್ತಿಲ್ಲ. ನೀಲಪ್ಪ ಫೋನಿನಲ್ಲಿ ದನಿ ಏರಿಸಿದ, ಗುಂಡಿ ತೆಗೆದು ಒರೆಸಿ ಹಾಕಿದ, ಫೋನನ್ನು ಅವಳ ತಾಟಿನ ಪಕ್ಕಕ್ಕೇ ಸರಿಸಿದ.

“ಏನ ಕೆಟ್ಟಿಲ್ಲಪ್ಪಾ ಅದು” ಎಂದಳು ಭಾಗ್ಯಾ. ಸುದ್ದಿ ಅವಳಿಗೆ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿತ್ತು. “ಅವ್ವ ಮಾತ ಬಿಟ್ಟಾಳ. ನನ್ನ ಲಗ್ನ ಮುರದ್ರ ಮುರೀಲಿ, ಅದನ್ನ ನಾ ತಡಕೋತೇನಿ. ಆದ್ರ ನಿನ್ನ ಕಿವಿ ಮುಚ್ಚಾಕ ಅವ್ವನ ಹೆಸರ ಯಾಕ ಹರದಿ?”

“ನಾ ರಾಮದುರ್ಗಕ್ಕ ಫೋನ ಮಾಡಿ ಹೇಳತೇನಿ ತಗೋ.”

“ಖರೇ ಹೇಳತೀಯೇನು?”

“ಸ್ವಲ್ಪ ತಿದ್ದಿ ಹೇಳತೇನಿ” ಎಂದ ನೀಲಪ್ಪ.

ಇಂದ್ರವ್ವ ಎದ್ದು ಒಳಗೆ ಹೋದಳು. ಭಾಗ್ಯಾ ಫೋನನ್ನು ಅವನ ಕೈಗೆ ಸಿಗದಂತೆ ಎತ್ತಿಟ್ಟುಕೊಂಡಳು.

ಅವನು ಫೋನು ಮಾಡುವ ಮೊದಲೇ ರಾಮದುರ್ಗದಿಂದ ಫೋನು ಬಂತು. ಬರುವ ಸೋಮವಾರ ಮಾತುಕತೆಗೆ ಬರುತ್ತೇವೆ, ಹಿರಿಯರನ್ನು ಕರೆಸಿರಿ! ನೀಲಪ್ಪನ ಎದೆ ಮತ್ತೆ ಉಬ್ಬಿತು. ಕಿವಿ ಖಡಕ್ ಎಂದು ತಾನು ಸಾಬೀತುಪಡಿಸಿದ್ದರಿಂದಲೇ ಸಂಬಂಧ ಉಳಿಯಿತು ಎಂದು ಅವನು ಚಹಾದಂಗಡಿಯಲ್ಲಿ ವಿವರಿಸಿ ಬಂದ. ಸೋಮವಾರ ಮುಂಜಾನೆ ಹೊತ್ತೇರುವ ಮೊದಲೇ ಗುಂಡಿಗಳನ್ನು ಏರಿಸಿ, ಬಿಳಿ ಅಂಗಿ ತೊಟ್ಟು, ಅದರ ಕಿಸೆಯಲ್ಲಿ ಫೋನು ಇಟ್ಟುಕೊಂಡು, ಬಂದವರಿಗೆಲ್ಲ ಸ್ವತಃ “ಬರ್ರಿ, ಕುಂಡ್ರ್ರಿ” ಎಂದ. ಮಾತುಕತೆ ಶುರುವಾಗಲು ಮಧ್ಯಾಹ್ನವಾಯಿತು. ಪಾಳಿಯ ಹೆಂಗಸರೆಲ್ಲ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಕಾಡವ್ವ ಇಂದ್ರವ್ವನ ಪಕ್ಕದಲ್ಲೇ ಕೂತಿದ್ದಳು. ಇದು ಒಂದಿಷ್ಟು ವಿಚಿತ್ರವೆನಿಸಿತು ನೀಲಪ್ಪನಿಗೆ.

ಅಂಥ ಕೂಟದಲ್ಲಿ ಗಂಡಿನ ಕಡೆಯ ಹಿರಿಯನೊಬ್ಬ ನಿಂತು, ಕೊಡುವುದು ತರುವುದನ್ನೆಲ್ಲ ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಹೆಣ್ಣಿನ ತಂದೆ ಎಲ್ಲರೆದುರು ಒಪ್ಪಿಗೆ ಎಂದು ವೀಳ್ಯದೆಲೆ ಹಿಡಿದನೋ, ಆಮೇಲೆ ಅದಕ್ಕೆ ತಿದ್ದುಪಡಿ ಇಲ್ಲ. ಸಾಗರನ ಸೋದರಮಾವ ಶಟ್ಟೆಪ್ಪ ಎಲೆ ಹಿಡಿದು ಎದ್ದು ನಿಂತ. ಸರಿಯಾಗಿ ಆಗಲೇ ನೀಲಪ್ಪನ ಕಿವಿಯೊಳಗೆ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಏನೋ ಎಂದಳು, ‘ಟುಂಯ್’ ಎಂದಿತು. ಚಾರ್ಜ್ ತೀರಿತು. ಕಿವಿಯಲ್ಲೀಗ ಎರಡು ಬೂಚು, ಎದುರಿಗೆ ಶಟ್ಟೆಪ್ಪನ ಮೀಸೆ ಮಾತ್ರ ಮೇಲೆ ಕೆಳಗೆ.

ಅವನಿಗೆ ಕೇಳದ್ದನ್ನು ಓದುವವರಾದರೂ ಕೇಳಲಿ.

“ಬಂಗಾರ ಬ್ಯಾಡ, ಬಟ್ಟಿ ಬ್ಯಾಡ” ಎನ್ನುತ್ತಿದ್ದ ಶಟ್ಟೆಪ್ಪ. “ನಮ್ಮ ಕಾಡವ್ವ ಎರಡ ಕರಾರ ಹೇಳ್ಯಾಳ. ಲಗ್ನದ ದಿನ ಹೆಣ್ಣಿನ ತಂದಿ ಡಾಕ್ಟರ ಹೇಳಿದ ಮಷೀನ ಕಿವಿಗೆ ಹಾಕ್ಕೊಂಡ, ಮಂದಿ ಮುಂದ ಕುಂಡ್ರಬೇಕು. ಇನ್ನೊಂದು, ಇವತ್ತಿನಿಂದ ನಮ್ಮ ಬೀಗತಿ ಇಂದ್ರವ್ವಾರು ಗಂಡಗ ಏನ ಹೇಳೂದಿದ್ರೂ ಮೆಲ್ಲಗ ಹೇಳಬೇಕು, ಒಂದ ಸಲ ಹೇಳಬೇಕು. ಅವರಿಗೆ ಕೇಳಸಲಿಲ್ಲಂದ್ರ ಅದು ಅವರ ಕಿವಿ ಪಾಡು. ಬ್ಯಾರೆದವರೂ ನಡುವ ಬಾಯಿ ಹಾಕಾಂಗಿಲ್ಲ. ನೀಲಪ್ಪನವರ, ಒಪ್ಪಿಗಿ ಐತೇನ್ರಿ?”

ಮೀಸೆ ನಿಂತಿತು. ಎಲ್ಲರ ಮುಖ ತನ್ನ ಕಡೆ ತಿರುಗಿತು. ‘ಇನ್ನೊಮ್ಮೆ ಹೇಳ್ರಿ’ ಎನ್ನುವುದೇ? ಇಷ್ಟು ಮಂದಿಯ ಎದುರು? ನೀಲಪ್ಪ ಎದೆಯ ಮೇಲೆ ಕೈಯಿಟ್ಟು ಎದ್ದು ನಿಂತ.

“ಸಂತೋಷದಿಂದ ಒಪ್ಪಿಗಿರಿ! ಇದರಕಿಂತ ಹೆಚ್ಚಿಂದ ಕೇಳಿದ್ರೂ ಒಪ್ಪಿಗಿ! ಮಗಳಕಿಂತ ದೊಡ್ಡದೇನೈತಿ?”

ಬಾಗಿಲ ಕಡೆಯ ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಭಾಗ್ಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಎಲೆ ಕೈ ಬದಲಾಯಿಸಿತು. ಶಟ್ಟೆವ್ವ ಅಂತೂ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನೀಲಪ್ಪ ಎಲ್ಲರಿಗೂ ಕೈಮುಗಿದು ಕೂತ. ಕೂತ ಮೇಲೆ ಸಣ್ಣಗೆ ಹೆದರಿಕೆ ಹುಟ್ಟಿತು. ಹೆಂಡತಿಯ ಕಡೆ ಬಾಗಿದ.

“ಏ ಇಂದ್ರಾ, ಅಂವ ಏನ ಕೇಳಿದಾ? ನಾ ಏನ ಒಪ್ಪಿದ್ನಿ?”

ಗಿರಣಿಯ ಆ ಮಧ್ಯಾಹ್ನದಿಂದ ಮುಚ್ಚಿದ್ದ ಬಾಯನ್ನು ಇಂದ್ರವ್ವ ತೆರೆದಳು. ಗಂಡನ ಮುಖ ನೋಡುತ್ತ, ಸಾವಕಾಶವಾಗಿ, ಬಲು ಮೆಲ್ಲಗೆ, ಎಲ್ಲವನ್ನೂ ಹೇಳಿದಳು. ಒಂದೇ ಸಲ. ಆಮೇಲೆ ಬೀಗರಿಗೆ ಚಹಾ ತರಲು ಎದ್ದು ಹೋದಳು.

ನೀಲಪ್ಪ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಮನೆ ತುಂಬ ಮಂದಿ. ಒಬ್ಬರೂ ಬಾಯಿ ಬಿಡಲಿಲ್ಲ.